ಅಕ್ಷರಗುಂಡಿನ ಎದುರಿನಲ್ಲಿ

‘ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎಂಬುದು ನಮ್ಮಲ್ಲಿ ಬಹಳ ಹಳೆಯ ಗಾದೆ. ಬಿಟ್ಟಿಯ ಮೇಲೆ ಮನುಷ್ಯನಿಗಿರುವ ಮೋಹವನ್ನು ಸರ್ಕಾರಗಳೂ ಚೆನ್ನಾಗಿ ಬಲ್ಲವು. ಏಪ್ರಿಲ್ 18 ವಿಶ್ವ ಪರಂಪರೆಯ ದಿನ. ನವೆಂಬರ್ 19 ವಿಶ್ವ ಪರಂಪರೆಯ ಸಪ್ತಾಹದ ಮೊದಲನೆಯ ದಿನ. ಈಚಿನ ವರ್ಷಗಳಲ್ಲಿ ಈ ದಿನಗಳಂದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ತಮ್ಮ ರಕ್ಷಣೆಯಲ್ಲಿರುವ ಕೋಟೆ ಕೊತ್ತಲ, ಗುಡಿ ಗೋಪುರಗಳಿಗೆ ಪ್ರವೇಶ ಶುಲ್ಕವನ್ನು ಬಿಟ್ಟುಕೊಡುತ್ತ ಬಂದಿದ್ದಾರೆ. ಆ ದಿನ ಟಿಕೆಟ್ಟಿನ ಕಿಟಕಿ ಮುಚ್ಚಿರುತ್ತದೆ, ಹೆಬ್ಬಾಗಿಲು ತೆರೆದಿರುತ್ತದೆ. ಜನ ನೂಕುನುಗ್ಗಲಾಗಿ ಒಳಗೆ ಹೋಗುತ್ತಾರೆ. ಒಳ್ಳೆಯದೇ ಆಯಿತು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಮನೆ ಕಂಡಂತಾಯಿತೆ ಎಂಬುದು ಬೇರೆಯ ಪ್ರಶ್ನೆ.

ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಗೃಹಸ್ಥರೊಬ್ಬರು, ಭಾನುವಾರವೂ ಆಗಿ ಒದಗಿದ ಒಂದು ನವೆಂಬರ್ 19ರಂದು ಸಂಸಾರಸಮೇತರಾಗಿ ಚಿತ್ರದುರ್ಗದ ಕೋಟೆ ನೋಡಲು ಹೊರಟರು. ಜೊತೆಯಲ್ಲಿ ಮಡದಿ, ಏಳನೆಯ ತರಗತಿಯಲ್ಲಿ ಓದುವ ಮಗಳು, ಎಪ್ಪತ್ತೈದು ದಾಟಿದ ತಂದೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಆ ಕೋಟೆಯಲ್ಲಿ ಯಾವ ದಿನವೂ ಶುಲ್ಕವಿಲ್ಲ. ಆದ್ದರಿಂದ ಅಂದು ಉಳಿದದ್ದು ಮೂವರ ಟಿಕೆಟ್ಟಿನ ಹಣ ಮಾತ್ರ. ಬಸ್ಸಿನ ಚಾರ್ಜು, ಹೋಟೆಲಿನ ಊಟ, ಬಿಸಿಲಿಗೆಂದು ಮಗಳಿಗೆ ಕೊಂಡ ಟೋಪಿ ಇವುಗಳ ಮುಂದೆ ಆ ಉಳಿತಾಯ ಯಾವ ಬಾಬತ್ತಿಗೂ ಸೇರುವಂಥದಲ್ಲ. ಲೆಕ್ಕ ಬರೆಯುವವರಿಗೆ ಇದು ತಿಳಿಯದ ವಿಷಯವೇನಲ್ಲ. ಆದರೂ ‘ಇವತ್ತು ಬಿಟ್ಟಿ’ ಎಂಬ ಒಂದು ಮಾತು ಕಿವಿಗೆ ಬೀಳದಿದ್ದರೆ ಅವರು ಅಂದು ಮನೆಬಿಟ್ಟು ಹೊರಡುತ್ತಿರಲಿಲ್ಲ. ಶುಲ್ಕವಿಲ್ಲದ ದಿನದ ನಿಜವಾದ ಪ್ರಯೋಜನವೂ ಇಷ್ಟೆ. ಅದು ಹಣವನ್ನು ಉಳಿಸುವುದಕ್ಕಿಂತ ಹೆಚ್ಚಾಗಿ, ಎಂದಾದರೊಂದು ದಿನ ಹೋಗೋಣವೆಂದು ಮುಂದೂಡುತ್ತ ಬಂದವರಿಗೆ ಒಂದು ತಾರೀಖನ್ನು ಗೊತ್ತುಮಾಡಿಕೊಡುತ್ತದೆ.

ಕೋಟೆ ಅವರನ್ನು ನಿರಾಸೆಗೊಳಿಸಲಿಲ್ಲ. ಏಳು ಸುತ್ತಿನ ಗೋಡೆಗಳು, ಹೆಬ್ಬಂಡೆಗಳ ನಡುವಣ ದಾರಿ, ಎಲ್ಲಕ್ಕಿಂತ ಮಿಗಿಲಾಗಿ ಒನಕೆ ಓಬವ್ವನ ಕಿಂಡಿ. ಹುಡುಗಿಗೆ ಓಬವ್ವನ ಕಥೆ ಮೊದಲೇ ಬಾಯಿಪಾಠ. ಆಕೆ ಆ ಕಿಂಡಿಯಲ್ಲಿ ತಾನೂ ನುಸುಳಿ ನೋಡಿದಳು. ‘ಇಲ್ಲಿಂದಲೇ ಅಲ್ವಾ ಅಮ್ಮ?’ ಎಂದು ಮೂರು ಸಲ ಕೇಳಿದಳು. ಕಥೆ ಗೊತ್ತಿದ್ದುದರಿಂದ ಆ ಕಲ್ಲಿನ ಸಂದು ಅವಳ ಪಾಲಿಗೆ ಬರಿಯ ಸಂದಾಗಿ ಉಳಿಯಲಿಲ್ಲ.

ಸಂಜೆ ಬಸ್ಸಿನಲ್ಲಿ ಹಿಂದಿರುಗುವಾಗ ಹಿರಿಯರು ತಾವಾಗಿಯೇ ಮಾತು ತೆಗೆದರು:

‘ಬಿಟ್ಟಿ ಅಂತ ಇಷ್ಟು ದೂರ ಬಂದೆವು. ನಮ್ಮ ಮೊಳಕಾಲ್ಮೂರು ಕಡೆ ಅಶೋಕನ ಬಂಡೆ ಇದೆ. ಅಲ್ಲಿ ವರ್ಷವೆಲ್ಲ ಬಿಟ್ಟಿ. ಹೋಗೋರೇ ಇಲ್ಲ.’

‘ಹಾಗಾದರೆ ಬರೋ ಭಾನುವಾರ ಅಲ್ಲಿಗೇ ಹೋಗೋಣ ತಾತ’ ಎಂದಳು ಮೊಮ್ಮಗಳು.

ಹಿರಿಯರು ಆಡಿದ ಮಾತು ಅವರು ಎಣಿಸಿದ್ದಕ್ಕಿಂತಲೂ ಹೆಚ್ಚು ನಿಜ. ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿ ದೇಶಾದ್ಯಂತ 3,600ಕ್ಕೂ ಹೆಚ್ಚು ಸ್ಮಾರಕಗಳಿವೆ. ಅವುಗಳಲ್ಲಿ ಟಿಕೆಟ್ಟು ಕೊಂಡು ಒಳಗೆ ಹೋಗಬೇಕಾದವು ಹೆಚ್ಚೆಂದರೆ ನೂರೈವತ್ತರಷ್ಟು. ಮಿಕ್ಕವೆಲ್ಲಕ್ಕೂ ವರ್ಷದ ಎಲ್ಲ ದಿನಗಳೂ ಬಿಟ್ಟಿಯ ದಿನಗಳೇ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಚಳ್ಳಕೆರೆ ಮೊಳಕಾಲ್ಮೂರು ಸೀಮೆಯವರ ಮಟ್ಟಿಗೆ ಈ ಗಾದೆ ಅಕ್ಷರಶಃ ಒಪ್ಪುತ್ತದೆ.

ಮುಂದಿನ ಭಾನುವಾರ ಆ ಸಂಸಾರ ಬಳ್ಳಾರಿಯ ರಸ್ತೆ ಹಿಡಿದು, ಒಳದಾರಿಗೆ ತಿರುಗಿ, ಅಶೋಕ ಸಿದ್ಧಾಪುರದ ಕಡೆಯ ಬ್ರಹ್ಮಗಿರಿಗೆ ಬಂದು ಇಳಿಯಿತು. ಕುರುಚಲು ಗಿಡಗಳ ಗುಡ್ಡ, ಒಂದರ ಮೇಲೊಂದು ಪೇರಿಸಿಟ್ಟಂತಿರುವ ಗುಂಡುಬಂಡೆಗಳು, ಕೆಳಗೆ ಹೊಲಗಳು. ಮಾಡಿನ ಅಡಿಯಲ್ಲಿ ಒಂದು ಬಂಡೆ. ಅದರ ಮೇಲೆ ಸೂಕ್ಷ್ಮವಾಗಿ ನೋಡಿದರೆ ಕಾಣುವ ಗೀರುಗಳು. ಕೋಟೆಯಿಲ್ಲ, ಕಮಾನಿಲ್ಲ, ಕಂಬವಿಲ್ಲ. ಅವರು ಅಲ್ಲಿ ನಿಂತಿದ್ದು ಎಂಟು ನಿಮಿಷ.

‘ತಾತ, ಇದರಲ್ಲಿ ಏನು ಬರೆದಿದೆ?’

ತಾತ ಮಗನ ಮುಖ ನೋಡಿದರು. ಮಗ ಹೆಂಡತಿಯ ಮುಖ ನೋಡಿದರು. ಆಕೆ, ‘ಅಹಿಂಸೆ ಅಂತ ಇರಬೇಕು’ ಎಂದರು. ಹುಡುಗಿ ಮತ್ತೊಮ್ಮೆ ಆ ಬಂಡೆಯನ್ನು ನೋಡಿ, ‘ಕೋಟೆನೇ ಚೆನ್ನಾಗಿತ್ತು’ ಎಂದಳು. ಅಲ್ಲಿಗೆ ಆ ಪ್ರವಾಸ ಮುಗಿಯಿತು.

ತಪ್ಪು ಹುಡುಗಿಯದಲ್ಲ, ಹಿರಿಯರದೂ ಅಲ್ಲ. ಕೋಟೆ ಕಣ್ಣಿಗೆ ಕಾಣುವ ವಸ್ತು. ಶಾಸನ ಕಿವಿಗೆ ಬೀಳಬೇಕಾದ ವಸ್ತು. ಓದಿ ಹೇಳುವವರಿಲ್ಲದಿದ್ದರೆ ಅದು ಬಂಡೆಯಷ್ಟೆ.

ಹಾಗಾದರೆ ಆ ಬಂಡೆಯ ಮೇಲಿರುವುದೇನು? 1892ರಲ್ಲಿ ಬಿ.ಎಲ್. ರೈಸ್ ಅವರು ಚಿನ್ನ ಹಗರಿಯ ಆಸುಪಾಸಿನ ಮೂರು ಎಡೆಗಳಲ್ಲಿ, ಅಂದರೆ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರದ ಬೆಟ್ಟ ಇವುಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಮೌರ್ಯ ಸಾಮ್ರಾಟನ ಆಳ್ವಿಕೆ ಕನ್ನಡ ನಾಡಿನವರೆಗೂ ಹಬ್ಬಿತ್ತೆಂಬುದಕ್ಕೆ ಕಲ್ಲಿನ ಸಾಕ್ಷ್ಯ ಮೊದಲು ದೊರೆತದ್ದು ಆಗಲೇ. ಮೂರರಲ್ಲೂ ಇರುವುದು ಬಹುಮಟ್ಟಿಗೆ ಒಂದೇ ಒಕ್ಕಣೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಸಂದೇಶ ಅದು. ಇಂದಿನ ಕಾಗದಗಳಂತೆಯೇ ಅದೂ ಮೊದಲು ಕ್ಷೇಮಸಮಾಚಾರವನ್ನು ವಿಚಾರಿಸುತ್ತದೆ. ಆಮೇಲೆ ದೊರೆಯ ಮಾತನ್ನು ತಿಳಿಸುತ್ತದೆ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳು ಮೀರಿದರೂ ಮೊದಲ ಒಂದು ವರ್ಷ ಸರಿಯಾಗಿ ಶ್ರಮಿಸಲಿಲ್ಲವೆಂದು ಆ ಚಕ್ರವರ್ತಿ ಬಚ್ಚಿಡದೆ ಒಪ್ಪಿಕೊಳ್ಳುತ್ತಾನೆ. ಸ್ವರ್ಗವೆಂಬುದು ದೊಡ್ಡವರ ಸ್ವತ್ತಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಅದು ದಕ್ಕುತ್ತದೆ ಎಂಬುದು ಆ ಸಂದೇಶದ ತಿರುಳು. ಕೊನೆಗೆ ಬರುವುದು ಮನೆಮನೆಯ ಮಾತು: ತಾಯಿತಂದೆಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ನಿಜವನ್ನಾಡಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಬೇಕು.

ಏಳನೆಯ ತರಗತಿಯ ಹುಡುಗಿಗೆ ಇದರಲ್ಲಿ ಅರ್ಥವಾಗದಿರುವುದು ಯಾವುದಿದೆ? ಆಕೆಯ ಮನೆಯಲ್ಲಿ ದಿನವೂ ಹೇಳುವ ಬುದ್ಧಿಮಾತೇ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಆ ಬಂಡೆಯ ಮೇಲಿದೆ.

ಇನ್ನೊಂದು ಸ್ವಾರಸ್ಯವುಂಟು. ಈ ಶಾಸನಗಳನ್ನು ಬರೆದ ಲಿಪಿಕಾರ ಕೊನೆಯಲ್ಲಿ ಚಪಡನೆಂದು ತನ್ನ ಹೆಸರನ್ನು ಕಾಣಿಸಿದ್ದಾನೆ. ಉಳಿದ ಬರಹವೆಲ್ಲ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿ. ‘ಲಿಪಿಕಾರನಿಂದ’ ಎಂಬರ್ಥದ ಒಂದೇ ಒಂದು ಪದ ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ. ಖರೋಷ್ಠಿ ಬಳಕೆಯಲ್ಲಿದ್ದುದು ಭರತಖಂಡದ ವಾಯವ್ಯದ ಗಾಂಧಾರ ಸೀಮೆಯಲ್ಲಿ. ಮೊಳಕಾಲ್ಮೂರಿನ ಬಂಡೆಯ ಮೇಲೆ ಕುಳಿತು, ತನಗೆ ಆ ಲಿಪಿಯೂ ಬರುತ್ತದೆಂದು ಆತ ಒಂದು ಪದದಲ್ಲಿ ತೋರಿಸಿಕೊಂಡ. ಇಸಿಲ ಎಂಬ ಊರ ಹೆಸರಂತೂ ಕನ್ನಡದ ಮಾತೆಂದು ಡಿ.ಎಲ್. ನರಸಿಂಹಾಚಾರ್ ಅವರು ಅಭಿಪ್ರಾಯಪಟ್ಟರು. 1947ರಲ್ಲಿ ಮಾರ್ಟಿಮರ್ ವೀಲರ್ ಇದೇ ಬ್ರಹ್ಮಗಿರಿಯ ತಪ್ಪಲಲ್ಲಿ ಉತ್ಖನನ ನಡೆಸಿ, ಕಲ್ಲುಗೊಡಲಿಯ ಕಾಲದ ಜನ, ಅವರ ತರುವಾಯ ಬೃಹತ್ ಶಿಲಾಗೋರಿಗಳ ಜನ, ಅವರ ತರುವಾಯ ಚರಿತ್ರೆಯ ಕಾಲದ ಜನ, ಹೀಗೆ ಮೂರು ಸಂಸ್ಕೃತಿಗಳ ಪದರಗಳನ್ನು ತೋರಿಸಿಕೊಟ್ಟರು. ದಕ್ಷಿಣ ಭಾರತದ ಪ್ರಾಚೀನತೆಗೆ ಕಾಲಗಣನೆಯನ್ನು ಕಟ್ಟಿಕೊಡುವುದರಲ್ಲಿ ಆ ಅಗೆತ ದೊಡ್ಡ ಆಧಾರವಾಯಿತು. ಆ ಸಂಸಾರ ನಿಂತಿದ್ದುದು ಅಂಥ ನೆಲದ ಮೇಲೆ.

ಹೊರದೇಶಗಳಲ್ಲಿ ಇಂಥ ದಿನಗಳನ್ನು ನಡೆಸುವ ಬಗೆಯನ್ನು ಇಲ್ಲಿ ಹೋಲಿಸಿ ನೋಡಬಹುದು. 1984ರಲ್ಲಿ ಫ್ರಾನ್ಸ್ ದೇಶದವರು ತಮ್ಮ ಚಾರಿತ್ರಿಕ ಕಟ್ಟಡಗಳ ಬಾಗಿಲುಗಳನ್ನು ಒಂದು ದಿನ ಸಾರ್ವಜನಿಕರಿಗೆ ತೆರೆದರು. 1991ರಲ್ಲಿ ಯೂರೋಪ್ ಮಂಡಳಿ ಅದನ್ನು ಇಡೀ ಖಂಡದ ಹಬ್ಬವನ್ನಾಗಿ ಮಾಡಿತು. ಇಂಗ್ಲೆಂಡಿನಲ್ಲಿ ಇದು ಆರಂಭವಾದದ್ದು 1994ರಲ್ಲಿ. ಆ ದಿನಗಳಲ್ಲಿ ಎಂದೂ ಯಾರನ್ನೂ ಒಳಗೆ ಬಿಡದ ಹಳೆಯ ಬಂಗಲೆ, ನಗರಸಭೆ, ಗಿರಣಿಗಳೂ ತೆರೆದಿರುತ್ತವೆ. ಬಾಗಿಲಲ್ಲಿ ಆ ಊರಿನವರೇ ಯಾರಾದರೂ ನಿಂತು, ಬಂದವರನ್ನು ಒಳಗೆ ಕರೆದೊಯ್ದು ಈ ಮಾಳಿಗೆ ಯಾರದು, ಈ ಗಂಟೆ ಏತಕ್ಕೆ ಎಂದು ಹೇಳುತ್ತಾರೆ. ಆ ಹಬ್ಬಕ್ಕೆ ಕಳೆ ಬರುವುದು ಮಾಫಿಯಾದ ಶುಲ್ಕದಿಂದಲ್ಲ, ಬಾಗಿಲಲ್ಲಿ ನಿಂತ ಆ ಮನುಷ್ಯನಿಂದ.

ಇದನ್ನು ಪಶ್ಚಿಮದವರಿಂದ ನಾವು ಕಲಿಯಬೇಕಾಗಿಲ್ಲ. ಅಶೋಕನಿಗೇ ಇದು ತಿಳಿದಿತ್ತು. ಒರಿಸ್ಸಾದ ಧೌಲಿ ಮತ್ತು ಜೌಗಡಗಳಲ್ಲಿರುವ ಅವನ ವಿಶೇಷ ಶಾಸನಗಳಲ್ಲಿ, ಆ ಬರಹವನ್ನು ತಿಷ್ಯ ಅಂದರೆ ಪುಷ್ಯ ನಕ್ಷತ್ರದ ದಿನಗಳಂದು ಜನ ಕೇಳತಕ್ಕದ್ದೆಂದೂ, ನಡುವೆ ಸಂದರ್ಭ ಒದಗಿದಾಗ ಕೇಳುವವನು ಒಬ್ಬನೇ ಇದ್ದರೂ ಆಗಬಹುದೆಂದೂ ವಿಧಿಸಿದ್ದಾನೆ. ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನದಲ್ಲಿ ಭೇರಿ ಬಾರಿಸಿ ಜನಪದಕ್ಕೆ ತಿಳಿಸಬೇಕೆಂಬ ಅಪ್ಪಣೆಯಿದೆ. ಕಲ್ಲಿನ ಮೇಲೆ ಕೆತ್ತಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಅವನು ಭಾವಿಸಲಿಲ್ಲ. ದಿನವನ್ನು ಗೊತ್ತುಮಾಡಿದ, ಓದಿ ಹೇಳುವವರನ್ನೂ ಗೊತ್ತುಮಾಡಿದ.

ಬ್ರಹ್ಮಗಿರಿಯ ಶಾಸನದ ಭಾಷೆ ಪ್ರಾಕೃತ. ಇಸಿಲದ ಸಂತೆಯಲ್ಲಿ ಎಮ್ಮೆ ಕುರಿಗಳನ್ನು ಮಾರುತ್ತಿದ್ದವರ ಆಡುಮಾತು ಅದಾಗಿರಲಿಕ್ಕಿಲ್ಲ. ಹಾಗಿದ್ದಮೇಲೆ ಆ ಬಂಡೆಯ ಪಕ್ಕದಲ್ಲಿ ನಿಂತು, ದೊರೆಯ ಮಾತನ್ನು ಈ ನೆಲದ ಮಾತಿಗೆ ತಿರುಗಿಸಿ ಹೇಳಿದವನೊಬ್ಬ ಇದ್ದಿರಲೇಬೇಕು. ಚಪಡನ ಹೆಸರು ಉಳಿಯಿತು. ಆ ಇನ್ನೊಬ್ಬನ ಹೆಸರು ಉಳಿಯಲಿಲ್ಲ. ಆದರೆ ಅವನಿಲ್ಲದೆ ಚಪಡನ ಬರಹ ಒಬ್ಬರ ಕಿವಿಯನ್ನೂ ಮುಟ್ಟುತ್ತಿರಲಿಲ್ಲ. ಈಗ ತೆರವಾಗಿರುವುದು ಅವನ ಸ್ಥಾನವೇ.

ಓದಿ ಹೇಳುವವರು ಇಲ್ಲದಾದಾಗ ಆಗುವ ನಷ್ಟಕ್ಕೆ ಮೂರನೆಯ ಶಾಸನವೇ ನಿದರ್ಶನ. ಈ ಮೂರು ಬಂಡೆಗಳಿಗೂ ಜನ ತಮ್ಮವೇ ಹೆಸರುಗಳನ್ನಿಟ್ಟುಕೊಂಡಿದ್ದರು. ಬ್ರಹ್ಮಗಿರಿಯದು ಅಕ್ಷರಗುಂಡು. ಸಿದ್ಧಾಪುರದ್ದು ಎಮ್ಮೆ ಕಾಯುವ ತಿಮ್ಮಯ್ಯನೊಬ್ಬನ ಹೆಸರಿನ ಬಂಡೆ. ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ, ಗುಡಿಯ ಮೆಟ್ಟಿಲುಗಳ ಎದುರಿಗಿರುವುದು ಬಳೆಗಾರರ ಗುಂಡು. ಜಾತ್ರೆಯ ಕಾಲದಲ್ಲಿ ಬಳೆಗಾರರು ಆ ಹಾಸುಬಂಡೆಯ ಮೇಲೆ ಅಂಗಡಿ ಹೂಡುತ್ತಿದ್ದರು. ಚಪ್ಪರದ ಗಳುಗಳನ್ನು ನಿಲ್ಲಿಸಲು ಬಂಡೆಯಲ್ಲಿ ಕುಳಿಗಳನ್ನು ತೋಡಿದ್ದರು. ಮೂರರಲ್ಲಿ ತೀರ ಸವೆದುಹೋಗಿರುವುದು ಇದೇ ಶಾಸನ. ಬಳೆಗಾರರಿಗೆ ಅಶೋಕನ ಮೇಲೆ ಹಗೆಯೇನೂ ಇರಲಿಲ್ಲ. ಕಾಲ ಕೆಳಗೆ ಅಕ್ಷರವಿದೆಯೆಂದು ಅವರಿಗೆ ಹೇಳಿದವರಿರಲಿಲ್ಲ, ಅಷ್ಟೆ.

ಇಂದು ಬಳೆಗಾರರ ಗಳುವಿನ ಭಯವಿಲ್ಲ, ಬೇರೆಯ ಭಯಗಳಿವೆ. ಚಿತ್ರದುರ್ಗದ ಸೀಮೆಯಲ್ಲಿ ಹಾಳುಗುಡಿಯೆಂದರೆ ನಿಧಿಯಿದೆಯೆಂದು ರಾತ್ರಿಯಲ್ಲಿ ಅಗೆಯುವವರುಂಟು. ಗುಂಡುಬಂಡೆಯೆಂದರೆ ಜಲ್ಲಿಯೆಂದು ಎಣಿಸುವವರುಂಟು. ಕಾನೂನುಗಳೇನೋ ಇವೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಶಾಸನ 1878ರಷ್ಟು ಹಳೆಯದು. 1958ರ ಸ್ಮಾರಕ ರಕ್ಷಣೆಯ ಕಾಯಿದೆಗೆ 2010ರಲ್ಲಿ ತಿದ್ದುಪಡಿಯಾಗಿ, ರಕ್ಷಿತ ಸ್ಮಾರಕಗಳ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಎಬ್ಬಿಸುವುದೂ ಗಣಿಗಾರಿಕೆಯೂ ನಿಷಿದ್ಧವಾಗಿವೆ. ಆದರೆ ಬಯಲಲ್ಲಿ ಬಿದ್ದಿರುವ ಪ್ರತಿಯೊಂದು ಕಲ್ಲಿಗೂ ಕಾವಲುಗಾರನನ್ನು ಇಡಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಅದರ ಬೆಲೆಯನ್ನು ಬಲ್ಲ ನೆರೆಹೊರೆಯವರೇ ಅದಕ್ಕೆ ಕಾವಲು.

‘ಜನ ಹೆಚ್ಚಾಗಿ ಬಂದರೆ ಹಾಳೂ ಹೆಚ್ಚಾಗುವುದಿಲ್ಲವೆ? ಬಿಟ್ಟಿಯ ದಿನ ಗೋಡೆಗಳ ಮೇಲೆ ಹೆಸರು ಗೀಚುವವರು, ಎಲೆ ಕಾಗದ ಎಸೆಯುವವರು ಕಡಮೆಯೆ?’ ಎಂದು ಯಾರಾದರೂ ಕೇಳಬಹುದು. ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಗೋಡೆಯ ಮೇಲೆ ಹೆಸರು ಗೀಚುವವನು ಆ ಗೋಡೆ ಯಾರದೆಂದು ತಿಳಿದು ಗೀಚುವುದಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಗುಡಿಗೆ ಜಾತ್ರೆಯಲ್ಲಿ ಜನಸಾಗರವೇ ಸೇರುತ್ತದೆ. ಆ ಮಹಾನುಭಾವರು ಕೆರೆ ಕಟ್ಟಿಸಿದ್ದನ್ನೂ, ‘ಮಾಡಿದಷ್ಟು ನೀಡು ಭಿಕ್ಷೆ’ ಎಂದ ಮಾತನ್ನೂ ಅಲ್ಲಿನ ಮುದುಕಿಯರು ಮೊಮ್ಮಕ್ಕಳಿಗೆ ಹೇಳಿಕೊಂಡೇ ಬಂದಿದ್ದಾರೆ. ಕಥೆ ಬದುಕಿರುವುದರಿಂದ ಗುಡಿಯೂ ಬದುಕಿದೆ. ಚಳ್ಳಕೆರೆಗೆ ಸಮೀಪದ ದೊಡ್ಡೇರಿಯ ಪಾಡು ಹಾಗಲ್ಲ. 1695ರಲ್ಲಿ ಔರಂಗಜೇಬನ ಸರದಾರ ಕಾಸಿಂಖಾನನು ಮರಾಠರ ಸಂತಾಜಿ ಘೋರ್ಪಡೆಯ ಮುತ್ತಿಗೆಗೆ ಸಿಕ್ಕಿ ಪ್ರಾಣಬಿಟ್ಟದ್ದು ಅಲ್ಲಿ. ಮೊಗಲ್ ಸಾಮ್ರಾಜ್ಯದ ಚರಿತ್ರೆಯಲ್ಲಿ ಹೆಸರು ಪಡೆದ ಊರಿನ ಮುಂದೆ ದಿನವೂ ಹಾದುಹೋಗುವವರಲ್ಲಿ ಈ ಸಂಗತಿಯನ್ನು ಕೇಳಿದವರು ವಿರಳ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಅದಕ್ಕೆ ಹೊಸ ಇಲಾಖೆ ಬೇಕಿಲ್ಲ, ಹಣವೂ ಬೇಕಿಲ್ಲ. ಏಪ್ರಿಲ್ 18ರಂದೋ ನವೆಂಬರ್ 19ರಂದೋ ಒಬ್ಬ ಉಪಾಧ್ಯಾಯರು, ನಿವೃತ್ತ ಗುಮಾಸ್ತರು, ಕಾಲೇಜಿನ ವಿದ್ಯಾರ್ಥಿನಿ, ಯಾರಾದರೊಬ್ಬರು ಆ ಮಾಡಿನ ಬಳಿ ನಿಂತು, ಶಾಸನದ ಅರ್ಥವನ್ನು ತಿಳಿಗನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿದರೆ ಸಾಕು. ಹತ್ತು ನಿಮಿಷದ ಕೆಲಸ. ಕೇಳುವವನು ಒಬ್ಬನೇ ಇದ್ದರೂ ಆಗಬಹುದೆಂದು ದೊರೆಯ ಅಪ್ಪಣೆಯೇ ಇದೆ.

ಚಳ್ಳಕೆರೆಯ ಆ ಸಂಸಾರದ ಮಾತು ಇನ್ನೂ ಸ್ವಲ್ಪ ಉಳಿದಿದೆ. ಎಂಟು ನಿಮಿಷದ ಆ ಪ್ರವಾಸ ಹಿರಿಯರ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಮೊಮ್ಮಗಳು ಕೇಳಿದ ಪ್ರಶ್ನೆಗೆ ಉತ್ತರ ಹೇಳಲಾಗಲಿಲ್ಲವಲ್ಲ ಎಂದು ಅವರು ಮಗನ ಕೈಲಿ ಪುಸ್ತಕ ತರಿಸಿ ಓದಿದರು. ಬಳೆಗಾರರ ಗುಂಡಿನ ಸಂಗತಿಗೆ ಬಂದಾಗ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತರು. ಅವರ ಅಜ್ಜಿ ಜಟಿಂಗ ರಾಮೇಶ್ವರದ ಜಾತ್ರೆಯಲ್ಲಿ ಬಳೆ ತೊಟ್ಟ ಕಥೆಯನ್ನು ಎಷ್ಟೋ ಸಲ ಹೇಳಿದ್ದರು. ಆ ಬಂಡೆಯ ಮೇಲೆ ಕುಳಿತೇ ಕೈ ನೀಡಿದ್ದಿರಬೇಕು.

ಏಪ್ರಿಲ್ 18ರಂದು, ಬಿಸಿಲೇರುವ ಮುಂಚೆಯೇ, ಅವರು ಮತ್ತೊಮ್ಮೆ ಬ್ರಹ್ಮಗಿರಿಗೆ ಹೋದರು. ಈ ಸಲ ಹುಡುಗಿಯ ಕೈಯಲ್ಲಿ ಬ್ರಾಹ್ಮಿ ಅಕ್ಷರಗಳ ಒಂದು ಪಟ್ಟಿಯಿತ್ತು. ಲೆಕ್ಕದ ಕೂಡುವ ಗುರುತಿನಂತಿರುವುದು ‘ಕ’ ಎಂದು ತಿಳಿದಮೇಲೆ ಅದನ್ನು ಬಂಡೆಯ ಮೇಲೆ ಹುಡುಕುವುದು ಅವಳಿಗೆ ಒಂದು ಆಟವೇ ಆಯಿತು. ಒಂದು ಸಿಕ್ಕಿತು, ಇನ್ನೊಂದು ಸಿಕ್ಕಿತು. ಅಷ್ಟರಲ್ಲಿ ತಾತ ಕನ್ನಡಕ ಹಾಕಿಕೊಂಡು, ತಾವು ಬರೆದು ತಂದಿದ್ದ ಅರ್ಥವನ್ನು ಓದತೊಡಗಿದರು. ಕುರಿ ಮೇಯಿಸುತ್ತಿದ್ದ ಇಬ್ಬರು ಹುಡುಗರು ಕೋಲನ್ನೂರಿ ನಿಂತು ಕೇಳಿದರು. ತಾಯಿತಂದೆಗಳ ಮಾತು ಕೇಳಬೇಕೆಂಬಲ್ಲಿಗೆ ಬಂದಾಗ ಅವರಲ್ಲೊಬ್ಬ ಇನ್ನೊಬ್ಬನನ್ನು ಮೊಣಕೈಯಿಂದ ತಿವಿದು ನಕ್ಕ.

ಓದು ಮುಗಿದಮೇಲೆ ಹುಡುಗಿ ಜಟಿಂಗ ರಾಮೇಶ್ವರದ ಬೆಟ್ಟ ಯಾವ ಕಡೆಗೆಂದು ಕೇಳಿದಳು.

‘ನನ್ನ ಕೈಲಿ ಇನ್ನು ಆ ಬೆಟ್ಟ ಹತ್ತೋಕಾಗಲ್ಲ ಮಗಳೇ’ ಎಂದರು ಹಿರಿಯರು.

‘ನಾನೂ ಅಪ್ಪನೂ ಹತ್ತಿ ಬರ್ತೀವಿ ತಾತ. ನೀವು ಕೆಳಗೇ ಕೂತಿರಿ. ಅಲ್ಲಿ ಏನೇನು ಉಳಿದಿದೆ ಅಂತ ನಾನು ಬಂದು ಹೇಳ್ತೀನಿ.’

ಅಂದು ಬೆಟ್ಟದ ಬುಡದ ನೆರಳಿನಲ್ಲಿ ಅವರು ಎರಡು ಗಂಟೆಗೂ ಮೀರಿ ಕಾದರು. ಮೊಮ್ಮಗಳು ಇಳಿದು ಬಂದು ಹೇಳಿದ್ದನ್ನೆಲ್ಲ ಕುಳಿತು ಕೇಳಿದರು.